ಇರಾಳ ಕೈಗೆ ನಾನು ಬರೆದ ಅಡಿಟಿಪ್ಪಣಿ

ನನ್ನ ಮೊಮ್ಮಗಳು ಇರಾಳ ಬಲಗೈಯ ವಿಷಯವಾಗಿ ನಮ್ಮ ಮನೆಯಲ್ಲಿ ಮೊಟ್ಟಮೊದಲು ದಾಖಲಾದ ವಾಕ್ಯವೇ ತಪ್ಪು. ಅದನ್ನು ಬರೆದವಳು ನಾನು. 'ಮಗು ಎಲ್ಲವನ್ನೂ ಎಡಗೈಯಿಂದಲೇ ಹಿಡಿಯುತ್ತದೆ. ಅಜ್ಜನಂತೆ ಎಡಚಿ' ಎಂದು ನನ್ನ ದಿನಚರಿಯಲ್ಲಿದೆ. ಆಗ ಅವಳಿಗೆ ಒಂಬತ್ತು ತಿಂಗಳು. ತೀರಿಹೋದ ನನ್ನ ಗಂಡ ಎಡಗೈಯಲ್ಲಿ ಬರೆಯುತ್ತಿದ್ದರು. ಮಗುವಿನಲ್ಲಿ ಅವರನ್ನು ಮತ್ತೆ ಕಂಡೆವೆಂದು ಇಡೀ ಮನೆ ಹಿಗ್ಗಿತು. ಎದೆಗೆ ಒತ್ತಿಕೊಂಡೇ ಇರುತ್ತಿದ್ದ ಬಲಮುಷ್ಟಿಯನ್ನು ಯಾರೂ ಬಿಡಿಸಿ ನೋಡಲಿಲ್ಲ. ಆ ಹಿಗ್ಗಿನಲ್ಲಿ ಐದು ತಿಂಗಳು ಕಳೆದುಹೋದವು.

ನಾನು ವೃತ್ತಿಯಿಂದ ದಾಖಲೆಗಳ ಸಂಶೋಧಕಿ. ಹಳೆಯ ಬಂದರಿನ ಕಾಗದಪತ್ರಗಳಲ್ಲಿ ದಿನಾಂಕವಿಲ್ಲದ ಪತ್ರಗಳಿಗೆ ದಿನಾಂಕ ಹುಡುಕುವುದು, ಇದ್ದ ದಿನಾಂಕ ನಿಜವೇ ಎಂದು ಇನ್ನೆರಡು ಕಡೆ ತಾಳೆ ನೋಡುವುದು, ಇಷ್ಟನ್ನೇ ನಿವೃತ್ತಿಯವರೆಗೆ ಮಾಡಿದೆ. ಇದನ್ನು ಹೇಳುವುದು ಅಗತ್ಯ, ಏಕೆಂದರೆ ಮುಂದೆ ನಡೆದದ್ದಕ್ಕೆ ಇರಾಳ ಕಾಯಿಲೆಯಷ್ಟೇ ನನ್ನ ಈ ಅಭ್ಯಾಸವೂ ಕಾರಣ.

ಬಾಂದ್ರಾದ ಮಕ್ಕಳ ನರರೋಗ ತಜ್ಞರ ಬಳಿ ಮೊದಲು ಹೋದದ್ದು ಮಂಗಳವಾರವೆಂದು ಮಗಳು ವಿದ್ಯಾ ಹೇಳುತ್ತಾಳೆ. ಅದು ಗುರುವಾರ. ಆಸ್ಪತ್ರೆಯ ಚೀಟಿಯಲ್ಲೂ ನನ್ನ ದಿನಚರಿಯಲ್ಲೂ ಗುರುವಾರವೇ ಇದೆ. ಮಂಗಳವಾರ ಆ ವೈದ್ಯರು ಹೊರರೋಗಿಗಳನ್ನು ನೋಡುತ್ತಲೇ ಇರಲಿಲ್ಲ. ಮೂರು ಗಂಟೆ ಕಾದೆವು. ನಮ್ಮ ಎದುರಿನ ಬೆಂಚಿನಲ್ಲಿ ಒಬ್ಬ ತಾಯಿ ತನ್ನ ಮಗುವಿನ ಕಾಲುಗಳ ಮೇಲೆ ದುಪಟ್ಟಾ ಹೊದಿಸಿಕೊಂಡು ಕುಳಿತಿದ್ದಳು. ಫ್ಯಾನಿನ ಗಾಳಿಗೆ ಅದು ಸರಿದಾಗಲೆಲ್ಲ ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿ ಮತ್ತೆ ಸರಿಪಡಿಸುತ್ತಿದ್ದಳು. ಏಕೆ ಹಾಗೆ ಮಾಡುತ್ತಾಳೆಂದು ಬೆಳಿಗ್ಗೆ ನನಗೆ ಅರ್ಥವಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅರ್ಥವಾಯಿತು.

ವೈದ್ಯರು ಇರಾಳ ಮುಷ್ಟಿಯನ್ನು ಬಿಡಿಸಿದರು. ಬಿಟ್ಟೊಡನೆ ಅದು ಮತ್ತೆ ಮುಚ್ಚಿಕೊಂಡಿತು. "ಇಷ್ಟು ಸಣ್ಣ ಮಕ್ಕಳು ಎಡಚರೂ ಅಲ್ಲ, ಬಲಚರೂ ಅಲ್ಲ, ಎರಡೂ ಕೈ ಚಾಚುತ್ತವೆ. ಮನೆಯಲ್ಲಿ ಹಿರಿಯರು ಯಾರೂ ಇಲ್ಲವೇ?" ಎಂದು ಕೇಳಿದರು. ಹಿರಿಯಳು ಪಕ್ಕದಲ್ಲೇ ಕುಳಿತಿದ್ದಳು. ಆಮೇಲೆ ಅವರು ಆ ಎರಡು ಪದಗಳನ್ನು ಹೇಳಿದರು: ಸೆರೆಬ್ರಲ್ ಪಾಲ್ಸಿ. ಮಿದುಳಿಗೆ ಆದ ಪೆಟ್ಟಿನಿಂದ ಕೈಕಾಲು ಬಿಗಿಯುವ ಸ್ಥಿತಿ. ಟ್ಯಾಕ್ಸಿಯಲ್ಲಿ ವಿದ್ಯಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಅಳಿಯ ಪ್ರಸಾದ ಮರಾಠಿಯಲ್ಲಿ ಒಂದೇ ಮಾತು ಹೇಳಿದ: "ಆಈಲಾ ಕಾಯ ಸಾಂಗೂ?" ತನ್ನ ತಾಯಿಗೆ ಏನು ಹೇಳಲಿ ಎಂಬುದೇ ಅವನ ಚಿಂತೆ. ಆ ತಾಯಿ ಪುಣೆಯ ತಮ್ಮ ನೆರೆಹೊರೆಗೆ, ಮಗು ಬಿದ್ದು ಕೈ ಮುರಿದುಕೊಂಡಿದೆಯೆಂದು ಒಂದು ವರ್ಷ ಹೇಳಿಕೊಂಡು ಬಂದರು. ವರ್ಷವಾದರೂ ಕೂಡದ ಆ ಮೂಳೆಯ ಬಗ್ಗೆ ನೆರೆಯವರು ಏನೆಂದುಕೊಂಡರೋ ತಿಳಿಯದು. ಆದರೆ ಅವರನ್ನು ನಾನು ಹಳಿಯಲಾರೆ. ನಾನು ಗಂಡನ ಹೆಸರು ಹೇಳಿ ಮುಚ್ಚಿಟ್ಟದ್ದನ್ನು ಅವರು ಬೇರೆ ಹೆಸರಿನಲ್ಲಿ ಮುಚ್ಚಿಟ್ಟರು. ಇಂಥ ಬೆಂಚಿನಲ್ಲಿ ಕುಳಿತು ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ, ಕಣ್ಣೆದುರಿನ ಮುಷ್ಟಿಯನ್ನು ಕಾಣದೆ ಹೋದವರು ನೀವೊಬ್ಬರೇ ಅಲ್ಲವೆಂದು ತಿಳಿದಿರಲಿ.

ಮುಂದಿನ ಆರು ವರ್ಷ ಎಣ್ಣೆ ತೀಡುವುದು, ಕೈ ಮಡಚದಂತೆ ಸ್ಪ್ಲಿಂಟ್ ಪಟ್ಟಿ ಕಟ್ಟುವುದು, ಹಿಟ್ಟಿನ ಉಂಡೆ ಹಿಸುಕಿಸುವುದು ನಡೆಯಿತು. ಇರಾ ನಡೆದಳು, ಓಡಿದಳು, ಶಾಲೆಗೆ ಹೋದಳು, ಎಡಗೈಯಲ್ಲಿ ಚೆಂದವಾಗಿ ಬರೆದಳು. ಬಲಗೈ ಮಾತ್ರ ಬೇರೆಯವರ ಮನೆಯ ಅತಿಥಿಯಂತೆ ಮಡಚಿಕೊಂಡು ಕುಳಿತಿತ್ತು. ವ್ಯಾಯಾಮದ ಹೊತ್ತಾದರೆ ಅವಳು ಮಂಚದ ಕೆಳಗೆ ಸೇರುತ್ತಿದ್ದಳು. ಅವಳಿಗೆ ಏಳು ತುಂಬಿದ ಮೇಲೆ, ಜೋಗೇಶ್ವರಿಯ ಒಂದು ಚಿಕಿತ್ಸಾ ಕೇಂದ್ರದಲ್ಲಿ ಆಟದ ಮೂಲಕ ಕೈಗೆ ಚಿಕಿತ್ಸೆ ಕೊಡುತ್ತಾರೆಂದು ತಿಳಿಯಿತು. ಒಂದು ವರ್ಷ ಸರದಿಯಲ್ಲಿ ಕಾದು ಸೀಟು ಪಡೆದೆವು. ಸೀಟು ಆರು ತಿಂಗಳಿಗೆ. ಆಮೇಲೆ ಪರಿಶೀಲನೆ. ಅಂಕ ಏರಿದ ಮಗು ಮುಂದುವರಿಯುತ್ತದೆ. ಏರದ ಮಗು ಸರದಿಯಲ್ಲಿರುವ ಇನ್ನೊಂದು ಮಗುವಿಗೆ ಜಾಗ ಬಿಡಬೇಕು. ನಿಯಮ ಕ್ರೂರವೆಂದು ನನಗೆ ಆಗ ಅನ್ನಿಸಲಿಲ್ಲ. ಕಾಯುವಾಗ ಅದೇ ನಿಯಮ ನಮಗೆ ನ್ಯಾಯವಾಗಿ ಕಂಡಿತ್ತು.

ವಿದ್ಯಾಳಿಗೆ ಕಚೇರಿ. ಆದ್ದರಿಂದ ವಾರಕ್ಕೆ ಮೂರು ದಿನ ಶಾಲೆ ಬಿಟ್ಟ ಮೇಲೆ ನಾನೇ ಇರಾಳನ್ನು ಕರೆದೊಯ್ಯುತ್ತಿದ್ದೆ. ಘಾಟ್ಕೋಪರ್‌ನಿಂದ ಅಂಧೇರಿಗೆ ಮೆಟ್ರೋ, ಅಲ್ಲಿಂದ ಒಂದೇ ಸ್ಟೇಷನ್ ಲೋಕಲ್ ರೈಲು. ಕೇಂದ್ರವಿದ್ದದ್ದು ಪ್ಲಾಸ್ಟಿಕ್ ಬಕೆಟ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಮೇಲಿನ ಮಹಡಿಯಲ್ಲಿ. ಕೆಳಗಿನ ಯಂತ್ರ ಅಚ್ಚೊತ್ತಿದಾಗಲೆಲ್ಲ ನಾವು ಕುಳಿತ ಬೆಂಚು ಸಣ್ಣಗೆ ಅದುರುತ್ತಿತ್ತು.

ಆಟವೆಂದರೆ ಒಂದು ಕಪ್ಪೆ. ಮಗುವಿನ ಕೈಗೆ ತಂತಿಗಳಿರುವ ಕೈಗವಸು ತೊಡಿಸುತ್ತಾರೆ. ಬೆರಳು ಬಿಚ್ಚಿದರೆ ತೆರೆಯ ಮೇಲಿನ ಕಪ್ಪೆ ಬಾಯಿ ತೆರೆಯುತ್ತದೆ, ಮಡಚಿದರೆ ಮುಚ್ಚುತ್ತದೆ. ಹಾರಿ ಬರುವ ನೊಣ ಬಾಯಿಗೆ ಬಿದ್ದರೆ ಅಂಕ. ಪ್ರತಿ ತಿಂಗಳ ಆರಂಭದಲ್ಲಿ, ಮಗು ಬೆರಳನ್ನು ಎಷ್ಟು ಬಿಚ್ಚಬಲ್ಲದೆಂದು ಯಂತ್ರ ಅಳೆದುಕೊಳ್ಳುತ್ತದೆ. ಅಷ್ಟು ಬಿಚ್ಚಿದಾಗ ಕಪ್ಪೆಯ ಬಾಯಿ ಪೂರ್ತಿ ತೆರೆಯುತ್ತದೆ. ತಿಂಗಳಿಡೀ ಅದೇ ಅಳತೆಯಲ್ಲಿ ಆಡಬೇಕು. ಇರಾ ಆ ಕಪ್ಪೆಗೆ ಮಾಮು ಎಂದು ಹೆಸರಿಟ್ಟಳು. ಮಂಚದ ಕೆಳಗೆ ಸೇರುತ್ತಿದ್ದ ಹುಡುಗಿ, ಮಾಮುವಿಗೆ ಹಸಿವಾಗಿರುತ್ತದೆಂದು ನನ್ನನ್ನು ಅವಸರಪಡಿಸತೊಡಗಿದಳು.

ಬೆಂಚಿನಲ್ಲಿ ಮಕ್ಕಳ ಮಾತಿಗೆ ಕೊನೆಯಿರಲಿಲ್ಲ. ಸಾಹಿಲ್ ಎಂಬ ಹತ್ತು ವರ್ಷದವನು ಕೇಳುತ್ತಿದ್ದ: "ಏ ಇರಾ, ತೇರಾ ಮೇಂಡಕ್ ಆಜ್ ಭೀ ಉಪವಾಸ್ ಪೇ ಹೈ ಕ್ಯಾ?"

"ತೇರೇವಾಲೇ ಕೋ ಡಯಾಬಿಟೀಸ್ ಹೋಗಾ," ಎನ್ನುತ್ತಿದ್ದಳು ಇರಾ. "ಇತ್ನಾ ಖಾತಾ ಹೈ."

ಅಷ್ಟು ತಿನ್ನುವ ಅವನ ಕಪ್ಪೆಗೆ ಸಕ್ಕರೆ ಕಾಯಿಲೆ ಬರುತ್ತದಂತೆ. ಅವನ ಕಪ್ಪೆ ಉಣ್ಣುತ್ತದೆ, ತನ್ನದು ಉಪವಾಸವಿದೆ ಎಂಬ ನೋವನ್ನು ಅವಳು ಹೀಗೆ ತೀರಿಸಿಕೊಳ್ಳುತ್ತಿದ್ದಳು. ಮೊದಲ ಎರಡು ತಿಂಗಳು ಮಾಮು ನಿಜವಾಗಿಯೂ ಹಸಿದೇ ಇತ್ತು.

ಕೈಗವಸು ತೊಡಿಸಿ ಮಕ್ಕಳನ್ನು ಕೂರಿಸುವ ಕೆಲಸ ನಸೀಮಾ ಎಂಬ ಸಹಾಯಕಿಯದು. ನಲವತ್ತರ ಆಸುಪಾಸಿನ ಹೆಂಗಸು, ವಿಜಯಪುರದ ಕಡೆಯವಳು. ಗಂಡ ಜೋಗೇಶ್ವರಿಯಲ್ಲೇ ರಿಕ್ಷಾಗಳ ಸೀಟು ಹೊಲಿಯುತ್ತಾನೆ. ಇರಾಳಿಗಾಗಿ ನಾನು ಒಂದು, ಎರಡು ಎಂದು ಎಣಿಸುವುದನ್ನು ಕೇಳಿ ಹತ್ತಿರ ಬಂದಿದ್ದಳು. "ನೀವು ನಮ್ಮ ಕಡೆಯಾರೇನ್ರಿ ಅಮ್ಮಾರ? ಧಾರವಾಡದ ಮಾತು ಕೇಳ್ದಂಗಾತು." ಮಕ್ಕಳೊಡನೆ ಅವಳ ಮಾತು ದಖ್ಖನಿ ಉರ್ದುವಿನಲ್ಲಿ, ನನ್ನೊಡನೆ ಕನ್ನಡದಲ್ಲಿ. ಆ ಬೆಂಚಿನಲ್ಲಿ ನನ್ನ ಪಾಲಿಗೆ ಬಂದ ಕೃಪೆಯೆಂದರೆ ಅದೇ.

ನಾನು ನನ್ನ ಕೆಲಸ ಶುರುಮಾಡಿದ್ದೆ. ಪ್ರತಿ ಸಲ ಆಟ ಮುಗಿದ ಮೇಲೆ ಯಂತ್ರ ಒಂದು ಚೀಟಿ ಮುದ್ರಿಸುತ್ತದೆ. ದಿನಾಂಕ, ಆರಂಭದ ಸಮಯ, ಅಂಕ, ಚೀಟಿಯ ತಳದಲ್ಲಿರುವ ಒಂದು ಸಣ್ಣ ಸಂಖ್ಯೆ, ಎಲ್ಲಕ್ಕೂ ನೋಟ್‌ಬುಕ್ಕಿನಲ್ಲಿ ಅಂಕಣ ಗೀಚಿ ಇಳಿಸಿಕೊಳ್ಳುತ್ತಿದ್ದೆ. ಆ ಸಣ್ಣ ಸಂಖ್ಯೆ ಏನೆಂದು ನನಗೆ ಗೊತ್ತಿರಲಿಲ್ಲ. ತಿಳಿಯದ್ದನ್ನೂ ಇಳಿಸಿಕೊಳ್ಳಬೇಕೆಂಬುದು ನನ್ನ ವೃತ್ತಿಯ ಶಿಸ್ತು.

ಮೂರನೆಯ ತಿಂಗಳಿನಿಂದ ಅಂಕ ಏರತೊಡಗಿತು. ಮಾಮು ಉಂಡಿತು. ಸಾಹಿಲ್‌ನ ಬಾಯಿ ಮುಚ್ಚಿತು. ಆ ಏರಿಕೆ ತೋರಿಸಿ ನಾನು ಬಿಡಿಸಿದ ರೇಖಾಚಿತ್ರವನ್ನು ವಿದ್ಯಾ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಪುಣೆಯ ಬೀಗಿತ್ತಿ ಅದರ ಫೋಟೋ ತರಿಸಿಕೊಂಡು, ಮೊದಲ ಸಲ ತಮ್ಮ ಬಳಗಕ್ಕೆ ಕಾಯಿಲೆಯ ಹೆಸರನ್ನೇ ಹೇಳಿದರು. ಒಂದು ದಿನ ಬೆಂಚಿನಲ್ಲಿ ಇರಾ ತಿಂಡಿ ತಿನ್ನುತ್ತಿದ್ದಾಗ ನಸೀಮಾ ನನ್ನ ಭುಜ ತಟ್ಟಿದಳು. "ನೋಡ್ರಿ ಅಮ್ಮಾರ, ಡಬ್ಬಿ ಹೆಂಗ ಹಿಡದಾಳ." ಇರಾಳ ಬಲಗೈ ತಾನಾಗಿಯೇ ಬಂದು ಡಬ್ಬಿಯನ್ನು ತೊಡೆಗೆ ಒತ್ತಿ ಹಿಡಿದಿತ್ತು, ಎಡಗೈ ಮುಚ್ಚಳ ತೆಗೆಯುತ್ತಿತ್ತು. ಯಾರೂ ಹೇಳಿರಲಿಲ್ಲ. ನಾನು ನೋಡಿದೆ, ನಕ್ಕೆ, ತಲೆ ತಗ್ಗಿಸಿ ಚೀಟಿಯ ತಳದ ಸಂಖ್ಯೆಯನ್ನು ಇಳಿಸಿಕೊಳ್ಳುವುದನ್ನು ಮುಂದುವರಿಸಿದೆ.

ಪರಿಶೀಲನೆಗೆ ಮೂರು ವಾರ ಇದ್ದಾಗ ಕೇಂದ್ರದ ಮುಖ್ಯ ವೈದ್ಯರು ನನ್ನನ್ನು ಒಳಗೆ ಕರೆದರು. ಯಂತ್ರಗಳನ್ನು ಕೊಟ್ಟ ದಾನಿಗಳಿಗೆ ವರದಿ ಹೋಗಬೇಕು. ಪೋಷಕರ ಕಡೆಯಿಂದ ಒಂದು ಟಿಪ್ಪಣಿ ಬೇಕು. "ನೀವು ಸಂಶೋಧಕರು. ನಿಮ್ಮ ಗ್ರಾಫ್ ನೋಡಿದೆ. ಒಂದು ಪುಟ ಸಾಕು," ಎಂದರು. ನಾನು ಹನ್ನೊಂದು ಪುಟ ಬರೆದೆ.

ಬರೆಯುವ ಮೊದಲು ತಾಳೆ ನೋಡಿದೆ. ನೋಟ್‌ಬುಕ್, ಯಂತ್ರದ ಚೀಟಿಗಳು, ನನ್ನ ದಿನಚರಿ. ಕೆಲವು ದಿನ ಆಟ ಏಳೆಂಟು ನಿಮಿಷ ತಡವಾಗಿ ಆರಂಭವಾಗಿತ್ತು. ಅದೇ ದಿನಗಳಲ್ಲಿ ಅಂಕ ಹೆಚ್ಚು. ಅದೇ ದಿನಗಳಲ್ಲಿ ಚೀಟಿಯ ತಳದ ಸಂಖ್ಯೆ, ತಿಂಗಳಿಡೀ ಒಂದೇ ಇರಬೇಕಾದದ್ದು, ಇಳಿದಿತ್ತು. ಅದು ಕೈಯ ಅಳತೆ. ಯಾರೋ ಅಳತೆಯನ್ನು ನಡುವೆಯೇ ಹೊಸದಾಗಿ ತೆಗೆದಿದ್ದರು. ಬೆರಳು ಸ್ವಲ್ಪವೇ ಬಿಚ್ಚಿದರೂ ಕಪ್ಪೆಯ ಬಾಯಿ ಪೂರ್ತಿ ತೆರೆದಿತ್ತು.

ನಸೀಮಾಳನ್ನು ಕೇಳಿದೆ. ಅವಳು ಮುಚ್ಚಿಡಲಿಲ್ಲ.

"ಒಂದೊಂದ ದಿನ ಆಕಿ ಕೈ ಕಟಗಿ ಆಗಿರತೈತ್ರಿ ಅಮ್ಮಾರ. ಲೋಕಲ್ ಗರ್ದಿಯೊಳಗ ಅಂಜಿ ಮುಷ್ಟಿ ಬಿಗಿ ಹಿಡದಿರತಾಳ. ಹಂಗ ಕುಂಡ್ರಿಸಿದ್ರ ಕಪ್ಪಿ ಬಾಯಿ ತಗಿಯೂದಿಲ್ಲ. ಮೂರ ಸಲ ಸೋತಳಂದ್ರ ಮಷೀನ್ ಕಡೆ ನೋಡೂದಿಲ್ಲ ಆಕಿ. ಅದಕ ಬಿಸಿನೀರಾಗ ಕೈ ಇಟ್ಟು, ಅವತ್ತ ಎಷ್ಟ ಬಿಚ್ಚತೈತಿ ಅಷ್ಟಕ್ಕ ನಾಪ್ ಹೊಸದಾಗಿ ತಗೀತೀನಿ. ಕಪ್ಪಿ ಉಂಡ್ರ ಆಕಿ ಕೈ ಆಡಸ್ತಾಳ. ಕೈ ಆಡಸೂದ ಅಲ್ಲೇನ್ರಿ ನಮಗ ಬೇಕಾದ್ದು?"

"ಬ್ಯಾರೆ ಮಕ್ಕಳಿಗೂ ಹಿಂಗ ಮಾಡ್ತಿಯೇನು?"

"ಅಳೂ ಮಕ್ಕಳಿಗೆ ಮಾಡತೀನ್ರಿ."

"ಆದ್ರ ಅಂಕ ಸುಳ್ಳ ಆಗ್ತಾವಲ್ಲ, ನಸೀಮಾ."

"ಅಂಕ ಯಾರಿಗ್ರಿ? ಡಾಕ್ಟರಿಗೆ. ಕಪ್ಪಿ ಆಕೀದು."

ಆದರೂ ಬರೆದೆ. ಐದನೆಯ ಪುಟದ ಕೆಳಗೆ ಒಂದು ಅಡಿಟಿಪ್ಪಣಿ: ಈ ಕೆಳಗಿನ ದಿನಗಳಲ್ಲಿ ಕೈಯ ಅಳತೆಯನ್ನು ಮರಳಿ ತೆಗೆದಿರುವುದರಿಂದ ಆ ದಿನಗಳ ಅಂಕಗಳನ್ನು ಉಳಿದವುಗಳೊಡನೆ ಹೋಲಿಸಲಾಗದು. ಕೆಳಗೆ ದಿನಾಂಕಗಳ ಪಟ್ಟಿ. ಯಾರನ್ನೂ ದೂರಿರಲಿಲ್ಲ. ನಸೀಮಾಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೆ. ಸತ್ಯವನ್ನೂ ಅವಳನ್ನೂ ಒಟ್ಟಿಗೆ ಕಾಪಾಡಿದೆನೆಂದು ಅಂದು ಸಮಾಧಾನಪಟ್ಟುಕೊಂಡೆ. ಇಷ್ಟು ನಿಖರವಾದ ಟಿಪ್ಪಣಿ ಅವರಿಗೆ ಬೇರೆ ಯಾರಿಂದಲೂ ಸಿಕ್ಕಿರಲಾರದೆಂಬ ಹೆಮ್ಮೆಯೂ ಇತ್ತು. ಇದನ್ನು ಒಪ್ಪಿಕೊಳ್ಳದೆ ಉಳಿದದ್ದನ್ನು ಬರೆಯುವುದು ಅಪ್ರಾಮಾಣಿಕತೆಯಾದೀತು.

ಹೆಸರು ಬರೆದಿರಲಿಲ್ಲ, ನಿಜ. ದಿನಾಂಕ ಬರೆದಿದ್ದೆ. ಕೇಂದ್ರದವರು ಆ ದಿನಾಂಕಗಳನ್ನು ಹಾಜರಿ ಪುಸ್ತಕದೊಡನೆ ತಾಳೆ ನೋಡಿದರು. ಹಳೆಯ ಪತ್ರಗಳ ಲೇಖಕರನ್ನು ನಾನು ಕಂಡುಹಿಡಿಯುತ್ತಿದ್ದದ್ದೂ ಹೀಗೆಯೇ. ವಾರದೊಳಗೆ ನಸೀಮಾ ಕೆಲಸದಿಂದ ಹೊರಬಿದ್ದಳು. ಆ ದಿನಗಳ ಅಂಕಗಳನ್ನು ಹೊಡೆದುಹಾಕಿದ ಮೇಲೆ ಇರಾಳ ರೇಖೆ ನೆಲಕ್ಕೆ ಮಲಗಿತು. ನಸೀಮಾ ಕೂರಿಸುತ್ತಿದ್ದ ಉಳಿದ ಮಕ್ಕಳ ಚೀಟಿಗಳನ್ನೂ ನೋಡಿ, ಇರಾಳಿಗೂ ಇನ್ನಿಬ್ಬರು ಮಕ್ಕಳಿಗೂ ಪ್ರಗತಿಯಿಲ್ಲವೆಂದು ತೀರ್ಮಾನವಾಯಿತು. ಸೀಟು ಹೋಯಿತು.

ಆ ಇಬ್ಬರಲ್ಲಿ ಸಾಹಿಲ್ ಒಬ್ಬ. ಹೆಚ್ಚು ಉಣ್ಣುತ್ತಿದ್ದ ಅವನ ಕಪ್ಪೆಯ ಊಟವೂ ನಸೀಮಾಳ ಕೈಯದೇ ಆಗಿತ್ತು. ಅವನ ತಾಯಿ ಮೆಟ್ಟಿಲಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. ಕಿರುಚಲಿಲ್ಲ. "ಅಜ್ಜಿ ಮೇಡಂ, ಆಪ್‌ನೇ ಸಚ್ ಲಿಖಾ. ಅಬ್ ಸಚ್ ಸೇ ಇನ್‌ಕಾ ಹಾಥ್ ಖುಲೇಗಾ ಕ್ಯಾ?" ನಾನು ಬರೆದದ್ದು ಸತ್ಯವೇ, ಆದರೆ ಸತ್ಯದಿಂದ ಇವರ ಕೈ ತೆರೆಯುತ್ತದೆಯೇ ಎಂದು ಕೇಳಿ, ಮಗನ ಚೀಲವನ್ನು ಹೆಗಲಿಗೇರಿಸಿಕೊಂಡು ಇಳಿದುಹೋದಳು.

ಮನೆಯಲ್ಲಿ ವಿದ್ಯಾ ಫ್ರಿಜ್ಜಿನ ಮೇಲಿನ ಚಿತ್ರವನ್ನು ಕಿತ್ತು ಮಡಚಿ ನನ್ನ ಮೇಜಿನ ಮೇಲಿಟ್ಟಳು.

"ನಿನಗ ಒಂದು ಪುಟ ಕೇಳಿದ್ರು, ಅಮ್ಮಾ."

"ತಪ್ಪು ಬರದಿದ್ರ ಹೇಳು."

"ತಪ್ಪು ಬರದಿಲ್ಲ, ಗೊತ್ತದ. ಅದನ್ನೇ ಸಹಿಸ್ಕೊಳ್ಳಿಕ್ಕೆ ಆಗವಲ್ದು ನನಗ. ತಪ್ಪಾಗಿದ್ರ ನಿನ್ನ ಕ್ಷಮಿಸ್ತಿದ್ದೆ."

ಇರಾ ಕೇಳಿದ್ದು ಒಂದೇ: "ಅಜ್ಜಿ, ಮಾಮುಗೆ ಈಗ ಯಾರು ಖಿಲಾತಾರೆ?" ಅವಳ ಕನ್ನಡ ಹೀಗೆಯೇ, ಅರ್ಧ ಹಿಂದಿ. ಬೇರೆ ಮಗು ಉಣಿಸುತ್ತದೆ ಎಂದೆ. ಆ ಮಗುವಿಗೆ ಒಂದು ಮಾತು ಮುಟ್ಟಿಸಬೇಕೆಂಬಂತೆ ಅವಳು, "ಉಸ್‌ಕೋ ಬತಾನಾ, ಅದಕ್ಕೆ ಮಾಮು ಅಂತ ಹೆಸರು ಇದೆ," ಎಂದಳು.

ನಾನು ಮತ್ತೆ ಕೇಂದ್ರದ ಮುಖ್ಯ ವೈದ್ಯರ ಬಳಿ ಹೋದೆ. ಬೇಡಿಕೊಳ್ಳಲು ಹೋದೆ, ಬೇರೆ ಪದ ಬಳಸುವುದರಲ್ಲಿ ಅರ್ಥವಿಲ್ಲ. ಅಂಕ ಏನಾದರೂ ಆಗಿರಲಿ, ಕೈ ಬದಲಾದದ್ದು ನಿಜ, ಆ ಕೈ ತಾನಾಗಿ ಬಂದು ಡಬ್ಬಿ ಹಿಡಿದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದೆ.

"ಯಾವ ದಿನ?" ಎಂದು ಕೇಳಿದರು.

ನೋಟ್‌ಬುಕ್ ನನ್ನ ಕೈಯಲ್ಲೇ ಇತ್ತು. ಪುಟ ತಿರುವಿದೆ. ಅಂಕ ಇತ್ತು, ಸಮಯ ಇತ್ತು, ತಳದ ಸಂಖ್ಯೆ ಇತ್ತು. ಡಬ್ಬಿ ಇರಲಿಲ್ಲ. ಯಾವ ತಿಂಗಳೆಂದೂ ಖಚಿತವಾಗಿ ಹೇಳಲಾಗಲಿಲ್ಲ.

"ಮೇಡಂ," ಎಂದರು ಅವರು, ಬಹಳ ಮೃದುವಾಗಿ, "ದಾಖಲೆ ಇಲ್ಲದ್ದನ್ನು ವರದಿಯಲ್ಲಿ ಸೇರಿಸಬಾರದೆಂದು ನಿಮ್ಮ ಹನ್ನೊಂದು ಪುಟದ ಟಿಪ್ಪಣಿಯ ಮುನ್ನುಡಿಯಲ್ಲಿ ನೀವೇ ಬರೆದಿದ್ದೀರಿ." ಅವರು ಕೆಟ್ಟವರಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಹೊರಬರುವಾಗ ಬೆಂಚಿನಲ್ಲಿ ನಮ್ಮ ಜಾಗದಲ್ಲಿ ಹೊಸ ಮಗುವೊಂದು ತನ್ನ ಅಜ್ಜನ ಪಕ್ಕ ಕುಳಿತಿತ್ತು. ಅಜ್ಜ ನನ್ನನ್ನು ನೋಡಿ ನಕ್ಕರು. ಅವರೂ ವರ್ಷಗಟ್ಟಲೆ ಕಾದಿರಬೇಕು. ಅವರ ಮೇಲೆ ನನಗೆ ಬಂದ ಸಿಟ್ಟಿಗೆ ಇಂದಿಗೂ ನಾಚಿಕೆಯಿದೆ.

ಆಟ ನಿಂತ ಮೇಲೆ ಇರಾ ಮತ್ತೆ ಮಂಚದ ಕೆಳಗೆ ಸೇರಿದಳು. ನಾಲ್ಕು ತಿಂಗಳಲ್ಲಿ ಮಣಿಕಟ್ಟು ಒಳಕ್ಕೆ ಬಾಗಿತು. ಬಾಂದ್ರಾದಲ್ಲಿ ಮೂರು ವಾರ ಪ್ಲಾಸ್ಟರ್ ಹಾಕಿದರು. ತೆಗೆದಾಗ ತೋಳು ತೆಳ್ಳಗೆ, ಬಿಳಿಚಿಕೊಂಡು, ಹೊಸದಾಗಿ ಹುಟ್ಟಿದ ಪ್ರಾಣಿಯಂತಿತ್ತು. ಇರಾ ಅದನ್ನು ಮುಟ್ಟಲು ಹೆದರಿದಳು. ಹೀಗೇ ಬಿಟ್ಟರೆ ಮುಂದೆ ಶಸ್ತ್ರಚಿಕಿತ್ಸೆಯೇ ಗತಿ ಎಂದರು.

ಆಗ ನಾನು ನಸೀಮಾಳನ್ನು ಹುಡುಕಿಕೊಂಡು ಹೋದೆ. ಜೋಗೇಶ್ವರಿ ಪೂರ್ವದಲ್ಲಿ, ಸಾಲು ಕೋಣೆಗಳ ಒಂದು ಚಾಳಿನ ಮಾಳಿಗೆಯ ಮೇಲೆ ಅವಳ ಕೋಣೆ. ಈಗ ಅವಳು ಬಾಚಣಿಗೆಗಳನ್ನು ಪೊಟ್ಟಣಕ್ಕೆ ಹಾಕುವ ಕೆಲಸ ಮಾಡುತ್ತಾಳೆ. ನನ್ನನ್ನು ಕೂರಿಸಿದಳು, ಚಹಾ ಕೊಟ್ಟಳು. ಕ್ಷಮೆ ಕೇಳಿದೆ.

"ಅದ ಆಗಿಹೋತ್ರಿ," ಎಂದಳು. "ಹುಡುಗಿ ಕೈ ಹೆಂಗೈತಿ?"

ಹೇಳಿದೆ. ನಾನು ಕ್ಷಮೆ ಕೇಳಿದಾಗ ಬದಲಾಗದ ಅವಳ ಮುಖ ಆ ಮಾತಿಗೆ ಬದಲಾಯಿತು. ಕೈಯಲ್ಲಿದ್ದ ಪೊಟ್ಟಣಕ್ಕೆ ಬಾಚಣಿಗೆಗಳನ್ನು ತುಂಬಿ ಮುಚ್ಚಿ ಹೇಳಿದಳು: "ಆಯಿತವಾರ ಕರಕೊಂಡು ಬರ್ರಿ. ಮಷೀನ್ ಇಲ್ಲ, ಬಿಸಿನೀರೈತಿ. ಆದ್ರ ಅಮ್ಮಾರ, ನೀವು ಒಳಗ ಕೂಡಬ್ಯಾಡ್ರಿ. ನೀವು ನೋಡಾಕ ಹತ್ತಿದ್ರ ನನ್ನ ಕೈ ನಡಗತಾವ."

ಒಪ್ಪಿದೆ. ಐದು ತಿಂಗಳಾಯಿತು. ಪ್ರತಿ ಭಾನುವಾರ ಇರಾಳನ್ನು ಬಾಗಿಲವರೆಗೆ ಬಿಟ್ಟು ಚಾಳಿನ ಮೆಟ್ಟಿಲಲ್ಲಿ ಕೂರುತ್ತೇನೆ. ಒಳಗಿನಿಂದ ನೀರಿನ ಸದ್ದು, ಬಟ್ಟಲು ಉರುಳಿದ ಸದ್ದು, ನಗು ಕೇಳುತ್ತದೆ. ಒಮ್ಮೊಮ್ಮೆ ಇಬ್ಬರೂ ಒಟ್ಟಿಗೆ ಕಪ್ಪೆಯಂತೆ ಕೂಗುತ್ತಾರೆ. ಮೆಟ್ಟಿಲು ಹತ್ತಿ ಇಳಿಯುವ ಹೆಂಗಸರು ನನಗೆ ದಾರಿ ಬಿಡಿ ಎನ್ನುತ್ತಾರೆ. ನಾನು ಸರಿದು ಕೂರುತ್ತೇನೆ. ಕೈ ಎಷ್ಟು ತೆರೆಯಿತು, ಯಾವ ಬೆರಳು ಮೊದಲು ಚಲಿಸಿತು, ಯಾರೂ ನನಗೆ ಹೇಳುವುದಿಲ್ಲ. ಕೇಳುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೇನೆ.

ಕಳೆದ ಭಾನುವಾರ ತಡೆಯಲಾಗಲಿಲ್ಲ. ಬಾಗಿಲು ತೆರೆದು ಇರಾ ಹೊರಗೆ ಬಂದಾಗ ಕೇಳಿಯೇಬಿಟ್ಟೆ: "ಇವತ್ತ ಏನ್ ಮಾಡ್ದಿ, ಪುಟ್ಟಿ? ಕೈ ತೋರಸು."

ಅವಳು ಹಿಂದೆ ನಿಂತಿದ್ದ ನಸೀಮಾಳ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ಏನಿಲ್ಲ ಅಜ್ಜಿ," ಎಂದು ಹೇಳಿ, ನನಗೆ ಕಾಣಬಾರದೆಂದು ಬಲಗೈಯನ್ನು ಫ್ರಾಕಿನ ಜೇಬಿನೊಳಗೆ ಇಳಿಸಿಕೊಂಡಳು. ಎಡಗೈಯ ಸಹಾಯವಿರಲಿಲ್ಲ. ಜೇಬಿನ ಬಾಯಿ ಕಿರಿದು. ಮುಷ್ಟಿ ಅದರಲ್ಲಿ ಹೋಗುವುದಿಲ್ಲ, ಬೆರಳು ಚಾಚಿಕೊಳ್ಳಲೇಬೇಕು.

ನಾನು ಏನೂ ಕಾಣದವಳಂತೆ ಮೆಟ್ಟಿಲು ಇಳಿದೆ.